ಲೈವ್ ಸಿ.ಡಿ.ಯ ಸ್ಮೃತಿ: ಲಿನಕ್ಸ್ ಚರಿತ್ರೆಯಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಪ್ರಯತ್ನಗಳು (೧೯೯೨–೨೦೨೪)

೧

ಚರಿತ್ರೆಯ ಅಭ್ಯಾಸಿಗಳಿಗೆ ಬರವಣಿಗೆಯ ಆಧಾರವಸ್ತುವಿನ ಪ್ರಶ್ನೆ ಹೊಸದಲ್ಲ. ಕಲ್ಲಿನ ಮೇಲೆ ಒಮ್ಮೆ ಕಂಡರಿಸಿದುದನ್ನು ತಿದ್ದುವುದು ಕಷ್ಟ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಸಿದ್ಧಪಡಿಸಿದ ಕಡತದ ಮೇಲೆ ಬಳಪದಿಂದ ಬರೆದುದನ್ನಾದರೋ ಅಳಿಸಿ ಮತ್ತೆ ಬರೆಯಬಹುದು. ದಾನಶಾಸನಗಳು ಕಲ್ಲಿಗೂ ತಾಮ್ರಪಟಕ್ಕೂ ಹೋದುವು. ದಿನದಿನದ ಲೆಕ್ಕಪತ್ರಗಳು ಕಡತಕ್ಕೆ ಹೋದುವು. ಒಂದು ಸ್ಥಿರವಾದದ್ದು, ಇನ್ನೊಂದು ಚರವಾದದ್ದು. ಎರಡೂ ಸೇರಿದಲ್ಲದೆ ಒಂದು ಮಠದ ಅಥವಾ ಸಂಸ್ಥಾನದ ವ್ಯವಹಾರ ನಡೆಯುತ್ತಿರಲಿಲ್ಲ. ಗಣಕಯಂತ್ರದ ಪರಿಭಾಷೆಯಲ್ಲಿ 'ಫೈಲ್' ಎಂಬುದಕ್ಕೆ ಕಡತವೆಂಬ ಈ ಹಳೆಯ ಶಬ್ದವೇ ಕನ್ನಡದಲ್ಲಿ ರೂಢಿಗೆ ಬಂದಿರುವುದು ಗಮನಾರ್ಹವಾಗಿದೆ.

ಪ್ರಸ್ತುತ ಪ್ರಬಂಧದಲ್ಲಿ ನಾವು ವಿವೇಚಿಸಲು ಹೊರಟಿರುವುದು ಇಂಥದೇ ಒಂದು ಸಮಸ್ಯೆಯನ್ನು. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಸ್ಥಾಪಿಸದೆ, ಸಿ.ಡಿ.ಯೊಂದರಿಂದಲೇ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವ ಸಾಧನಕ್ಕೆ ಲೈವ್ ಸಿ.ಡಿ. ಎಂದು ಹೆಸರು. ಅಂಗಡಿಯಿಂದ ತಂದ ಅಥವಾ ಅಚ್ಚೊತ್ತಿಸಿದ ಸಿ.ಡಿ.ಯ ಮೇಲೆ ಬಳಕೆದಾರನು ಏನನ್ನೂ ಬರೆಯಲಾರ. ಅವನು ಬರೆದ ಪ್ರಬಂಧ, ಹೊಂದಿಸಿಕೊಂಡ ಕೀಲಿಮಣೆ, ಜಾಲಸಂಪರ್ಕದ ಏರ್ಪಾಡುಗಳು ಎಲ್ಲವೂ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿರುತ್ತವೆ. ವಿದ್ಯುತ್ತು ನಿಂತೊಡನೆ ಎಲ್ಲವೂ ಇಲ್ಲವಾಗುತ್ತವೆ. ಶಾಸನವುಂಟು, ಕಡತವಿಲ್ಲ ಎಂಬ ಸ್ಥಿತಿ ಇದು.

ಈ ಮರೆವನ್ನು ಕೇವಲ ತಾಂತ್ರಿಕ ದೋಷವೆಂದೂ, ಮುಂದೆ ಬಂದ ಉಪಾಯಗಳು ಅದನ್ನು ಕ್ರಮವಾಗಿ ನಿವಾರಿಸಿದುವೆಂದೂ ಹೇಳುವುದುಂಟು. ಆ ಅಭಿಪ್ರಾಯ ಅಸಮಗ್ರವೆಂದು ನಮಗೆ ತೋರುತ್ತದೆ. ಉಳಿಸುವುದು ಎಂಬುದು ಒಂದೇ ಪ್ರಶ್ನೆಯಲ್ಲ. ಏನನ್ನು ಉಳಿಸಬೇಕು, ಮೂಲವನ್ನು ಕೆಡಿಸದೆ ಹೇಗೆ ಉಳಿಸಬೇಕು, ಯಾರ ಕಣ್ಣಿಗೆ ಬೀಳುವಂತೆ ಉಳಿಸಬೇಕು ಎಂಬ ಮೂರು ಪ್ರಶ್ನೆಗಳು ಅದರಲ್ಲಿ ಅಡಗಿವೆ. ಲೈವ್ ಸಿ.ಡಿ.ಯ ಚರಿತ್ರೆಯಲ್ಲಿ ಇವು ಹೆಚ್ಚು ಕಡಮೆ ಇದೇ ಅನುಕ್ರಮದಲ್ಲಿ ಮುಂದೆ ಬಂದುವು. ಈ ಕಾಲವಿಭಾಗಗಳ ಎಲ್ಲೆಗಳು ಒಂದರೊಳಗೊಂದು ಸೇರಿಕೊಂಡಿವೆಯೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

೨

ಲಿನಕ್ಸ್ ಎಂಬ ಕರ್ನಲ್ಲನ್ನು ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲೋಕಕ್ಕೆ ಪ್ರಕಟಿಸಿದ್ದು ೧೯೯೧ರ ಆಗಸ್ಟ್ ತಿಂಗಳಿನಲ್ಲಿ. ಮರುವರ್ಷದ ಕೊನೆಯಲ್ಲಿಯೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆಡಂ ರಿಕ್ಟರ್ ಎಂಬುವರ ಇಗ್‌ಡ್ರಾಸಿಲ್ ಸಂಸ್ಥೆಯು ಸಿ.ಡಿ.ಯಿಂದ ನೇರವಾಗಿ ನಡೆಯಬಲ್ಲ ಲಿನಕ್ಸ್ ವಿತರಣೆಯೊಂದನ್ನು ಹೊರತಂದಿತು. ಈ ಜಾತಿಯ ಸಾಧನಗಳಲ್ಲಿ ಇದನ್ನೇ ಮೊದಲನೆಯದೆಂದು ಗಣಿಸುತ್ತಾರೆ. ಆದರೆ ಅಂದಿನ ಯಂತ್ರಗಳಿಗೆ ಸಿ.ಡಿ.ಯಿಂದಲೇ ಚಾಲನೆಗೊಳ್ಳುವ ಸಾಮರ್ಥ್ಯವಿರಲಿಲ್ಲ. ಮೊದಲು ಫ್ಲಾಪಿಯೊಂದರಿಂದ ಯಂತ್ರವನ್ನು ಎಬ್ಬಿಸಬೇಕಾಗಿತ್ತು. ಸಿ.ಡಿ.ಯ ಓದುವೇಗವೂ ಬಹಳ ಮಂದ. ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು ೧೯೯೫ರಲ್ಲಿ 'ಎಲ್ ಟೊರಿಟೊ' ಎಂಬ ನಿಯಮಾವಳಿಯನ್ನು ಪ್ರಕಟಿಸಿದ ಮೇಲೆ ಮಾತ್ರ ಸಿ.ಡಿ.ಯಿಂದ ಚಾಲನೆ ಸಾರ್ವತ್ರಿಕವಾಗುವ ದಾರಿ ತೆರೆಯಿತು.

ಲೈವ್ ಸಿ.ಡಿ.ಯನ್ನು ಜನಬಳಕೆಗೆ ತಂದ ಕೀರ್ತಿ ಜರ್ಮನಿಯ ಕ್ಲೌಸ್ ಕ್ನಾಪರ್ ಅವರಿಗೆ ಸಲ್ಲಬೇಕು. ಡೆಬಿಯನ್ ವಿತರಣೆಯನ್ನು ಆಧರಿಸಿ ಅವರು ರಚಿಸಿದ ಕ್ನಾಪಿಕ್ಸ್ ೨೦೦೦ದ ಸೆಪ್ಟೆಂಬರಿನಲ್ಲಿ ಹೊರಬಂದಿತು. ಸುಮಾರು ೭೦೦ ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ ೨ ಗಿಗಾಬೈಟಿನಷ್ಟು ತಂತ್ರಾಂಶವನ್ನು ಅದು ಅಡಕಿಸಿತ್ತು. ಕಡತ ವ್ಯವಸ್ಥೆಯನ್ನು ಇಡಿಯಾಗಿ ಸಂಕುಚಿಸಿ, ಬೇಕಾದ ಭಾಗವನ್ನು ಬೇಕಾದ ಕ್ಷಣದಲ್ಲಿ ಬಿಡಿಸಿ ಓದುವ 'ಸಿಲೂಪ್' ಎಂಬ ಉಪಾಯದಿಂದ ಇದು ಸಾಧ್ಯವಾಯಿತು. ಯಂತ್ರದ ಭಾಗಗಳನ್ನು ತಾನೇ ಗುರುತಿಸಿಕೊಳ್ಳುವ ಶಕ್ತಿಯೂ ಅದಕ್ಕಿತ್ತು.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸತಕ್ಕದ್ದು. ಯಂತ್ರದ ಹಾರ್ಡ್ ಡಿಸ್ಕನ್ನು ಕ್ನಾಪಿಕ್ಸ್ ಓದುವುದಕ್ಕೆ ಮಾತ್ರ ತೆರೆಯುತ್ತಿತ್ತು. ಬಳಕೆದಾರನು ಪ್ರತ್ಯೇಕವಾಗಿ ಅಪ್ಪಣೆ ಕೊಟ್ಟ ಹೊರತು ಅದರ ಮೇಲೆ ಬರೆಯುತ್ತಿರಲಿಲ್ಲ. ಕೆಟ್ಟುಹೋದ ಯಂತ್ರದಿಂದ ಕಡತಗಳನ್ನು ಹೊರತೆಗೆಯುವವರು ಅದನ್ನು ನಂಬಿ ಬಳಸಿದ್ದು ಈ ಗುಣದಿಂದಲೇ. ಪರರ ಯಂತ್ರದಲ್ಲಿ ಜಾಡು ಬಿಡದಿರುವುದು ಅದರ ಶೀಲವಾಗಿತ್ತು. ಉಳಿಸಬೇಕೆಂದರೆ ಎಲ್ಲಿಯಾದರೂ ಬರೆಯಲೇಬೇಕು. ಬರೆದರೆ ಆ ಶೀಲಕ್ಕೆ ಭಂಗ. ಮುಂದಿನ ಎಲ್ಲ ಪ್ರಯತ್ನಗಳ ಹಿಂದೆಯೂ ಈ ಇಕ್ಕಟ್ಟು ಇದೆ.

೩

ಮೊದಲ ಘಟ್ಟದಲ್ಲಿ ಉಳಿಸುವ ಭಾರವೆಲ್ಲ ಬಳಕೆದಾರನ ಮೇಲೆಯೇ ಇತ್ತು. ಅವನಿಗಿದ್ದ ಮಾರ್ಗಗಳು ಎರಡು. ಒಂದು, ಯಂತ್ರದ ಹಾರ್ಡ್ ಡಿಸ್ಕು. ಮತ್ತೊಂದು, ಜೊತೆಗೆ ಒಯ್ಯಬಹುದಾದ ಫ್ಲಾಪಿ. ಫ್ಲಾಪಿಯ ಸಾಮರ್ಥ್ಯ ೧.೪೪ ಮೆಗಾಬೈಟ್ ಮಾತ್ರ. ಒಂದೆರಡು ಚಿತ್ರಗಳನ್ನಿಟ್ಟರೆ ತುಂಬಿಹೋಗುವಷ್ಟು. ಹಾರ್ಡ್ ಡಿಸ್ಕಿನಲ್ಲಿ ಸ್ಥಳವಿದ್ದರೂ ಅಲ್ಲಿ ಬೇರೊಂದು ತೊಡಕಿತ್ತು. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಎನ್.ಟಿ.ಎಫ್.ಎಸ್. ಎಂಬ ಕಡತ ವ್ಯವಸ್ಥೆ ಮನೆಮನೆಯ ಯಂತ್ರಗಳಿಗೆ ಹರಡಿತು. ಅದನ್ನು ಓದಲು ಲಿನಕ್ಸಿಗೆ ಬರುತ್ತಿತ್ತು. ಅಪಾಯವಿಲ್ಲದೆ ಅದರ ಮೇಲೆ ಬರೆಯಲು ಬರುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದ ಎನ್.ಟಿ.ಎಫ್.ಎಸ್.-೩ಜಿ ಎಂಬ ತಂತ್ರಾಂಶದ ಮೊದಲ ಸ್ಥಿರ ಆವೃತ್ತಿ ಬಂದದ್ದು ೨೦೦೭ರಲ್ಲಿ. ಅಲ್ಲಿಯವರೆಗೆ ವಿದ್ಯಾರ್ಥಿಯೊಬ್ಬನು ಲೈವ್ ಸಿ.ಡಿ.ಯಲ್ಲಿ ಕುಳಿತು ಬರೆದ ಟಿಪ್ಪಣಿಯನ್ನು ಅದೇ ಯಂತ್ರದಲ್ಲಿ ಬಿಟ್ಟುಹೋಗುವುದೂ ಸುಲಭವಾಗಿರಲಿಲ್ಲ.

ಈ ಕಷ್ಟದ ನಡುವೆ ಕ್ನಾಪಿಕ್ಸ್ ಎರಡು ಬಗೆಯ ಉಳಿಕೆಯನ್ನು ಪ್ರತ್ಯೇಕಿಸಿತು. ಏರ್ಪಾಡುಗಳನ್ನು ಒಂದು ಸಣ್ಣ ಗಂಟಾಗಿ ಕಟ್ಟಿ ಫ್ಲಾಪಿಯಲ್ಲೋ ಡಿಸ್ಕಿನಲ್ಲೋ ಇಡುವುದು ಒಂದು. ಬಳಕೆದಾರನ ಗೃಹಕೋಶವನ್ನು ಇಡಿಯಾಗಿ ಒಂದೇ ದೊಡ್ಡ ಕಡತದೊಳಗಿನ ಕಡತ ವ್ಯವಸ್ಥೆಯನ್ನಾಗಿ ಮಾಡಿ ಬೇರೆ ಮಾಧ್ಯಮದಲ್ಲಿಡುವುದು ಇನ್ನೊಂದು. ಮುಂದಿನ ಬಾರಿ ಚಾಲನೆಯ ಸಮಯದಲ್ಲಿ ಅವುಗಳನ್ನು ಹುಡುಕಿಕೊಳ್ಳುವಂತೆ ಸೂಚನೆಯೊಂದನ್ನು ಟೈಪು ಮಾಡಬೇಕಾಗಿತ್ತು. ಕೇವಲ ೫೦ ಮೆಗಾಬೈಟಿನ ಡ್ಯಾಮ್ ಸ್ಮಾಲ್ ಲಿನಕ್ಸ್ ಎಂಬ ವಿತರಣೆ ಬೇರೊಂದು ದಾರಿ ಹಿಡಿಯಿತು. ಉಳಿಸಬೇಕಾದ ಕಡತಗಳ ಹೆಸರುಗಳನ್ನು ಬಳಕೆದಾರನು ಒಂದು ಪಟ್ಟಿಯಲ್ಲಿ ಬರೆದಿಡಬೇಕು; ಯಂತ್ರವನ್ನು ನಿಲ್ಲಿಸುವಾಗ ಆ ಪಟ್ಟಿಯಲ್ಲಿರುವುದೆಲ್ಲ ಒಂದು ಗಂಟಾಗಿ ಉಳಿಯುತ್ತದೆ. ಇದೇ ಪದ್ಧತಿ ಮುಂದೆ ಟೈನಿ ಕೋರ್ ಲಿನಕ್ಸಿನಲ್ಲಿಯೂ ಮುಂದುವರಿಯಿತು.

ಪಟ್ಟಿಯ ಪದ್ಧತಿ ಶುದ್ಧವಾದದ್ದು; ಏನನ್ನು ಉಳಿಸಿದ್ದೇವೆಂಬುದು ಬಳಕೆದಾರನಿಗೆ ಅಕ್ಷರಶಃ ಗೊತ್ತಿರುತ್ತದೆ. ಆದರೆ ಪಟ್ಟಿಗೆ ಸೇರಿಸಲು ಮರೆತದ್ದು ಉಳಿಯುವುದಿಲ್ಲ. ಮನುಷ್ಯನು ತನಗೆ ಮುಖ್ಯವಾದುದೆಲ್ಲವನ್ನೂ ಮುಂಚಿತವಾಗಿ ಬಲ್ಲನು ಎಂಬ ಭರವಸೆಯ ಮೇಲೆ ಆ ವ್ಯವಸ್ಥೆ ನಿಂತಿತ್ತು. ದಫ್ತರಗಳಲ್ಲಿ ಕೆಲಸ ಮಾಡಿದವರು ಈ ಭರವಸೆಯನ್ನು ಸುಲಭವಾಗಿ ಒಪ್ಪಲಾರರು. ಇಂದು ನಾವು ಹುಡುಕಿಕೊಂಡು ಹೋಗುವ ಕಾಗದಗಳಲ್ಲಿ ಬಹುಭಾಗ, ಅಂದು ಯಾರೂ ಮುಖ್ಯವೆಂದು ಎಣಿಸದೆ ಇಟ್ಟವು.

೪

ಎರಡನೆಯ ಘಟ್ಟವು ಪಟ್ಟಿಯ ಅಗತ್ಯವನ್ನೇ ತೆಗೆದುಹಾಕಿತು. ಇದರ ಹಿಂದಿನ ಕಲ್ಪನೆ ಲಿನಕ್ಸಿನದಲ್ಲ. ಎರಡು ಕೋಶಗಳನ್ನು ಒಂದರ ಮೇಲೊಂದು ಹೊಂದಿಸಿ ಒಂದೇ ಎಂಬಂತೆ ತೋರಿಸುವ ಕ್ರಮ ಬೆಲ್ ಪ್ರಯೋಗಾಲಯದ 'ಪ್ಲಾನ್ ೯' ವ್ಯವಸ್ಥೆಯಲ್ಲಿತ್ತು. ಬರ್ಕ್ಲಿ ಯೂನಿಕ್ಸಿನ ೪.೪ ಆವೃತ್ತಿಯಲ್ಲಿಯೂ ಅದಕ್ಕೆ ಸ್ಥಾನವಿತ್ತು. ಪೆಂಡ್ರಿ ಮತ್ತು ಮೆಕ್ಯೂಸಿಕ್ ಅವರು ಅದನ್ನು ಕುರಿತು ೧೯೯೫ರಲ್ಲಿ ಪ್ರಬಂಧ ಬರೆದರು. ಲಿನಕ್ಸಿಗಾಗಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದಲ್ಲಿ ಎರೆಜ್ ಜಾಡಾಕ್ ಮತ್ತು ಅವರ ಸಹೋದ್ಯೋಗಿಗಳು 'ಯೂನಿಯನ್ ಎಫ್.ಎಸ್.' ಎಂಬುದನ್ನು ರೂಪಿಸಿದರು. ೨೦೦೫ರ ಮಾರ್ಚಿನಲ್ಲಿ ಹೊರಬಂದ ಕ್ನಾಪಿಕ್ಸಿನ ೩.೮ ಆವೃತ್ತಿ ಇದನ್ನು ಅಳವಡಿಸಿಕೊಂಡಿತು.

ಇದರ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುವುದು ಯುಕ್ತ. ಕೆಳಗೆ ಬದಲಾಯಿಸಲಾಗದ ಸಿ.ಡಿ.ಯ ಪದರ, ಮೇಲೆ ಬರೆಯಬಹುದಾದ ಇನ್ನೊಂದು ಪದರ. ನೋಡುವವನಿಗೆ ಎರಡೂ ಸೇರಿ ಒಂದೇ ಕಡತ ವ್ಯವಸ್ಥೆ ಕಾಣುತ್ತದೆ. ಕೆಳಗಿನ ಪದರದ ಕಡತವೊಂದನ್ನು ತಿದ್ದಲು ಹೊರಟರೆ, ವ್ಯವಸ್ಥೆಯು ಮೊದಲು ಅದರ ಪ್ರತಿಯೊಂದನ್ನು ಮೇಲಿನ ಪದರಕ್ಕೆ ಎತ್ತಿಕೊಳ್ಳುತ್ತದೆ. ತಿದ್ದುಪಡಿಯೆಲ್ಲ ಆ ಪ್ರತಿಗೆ ಆಗುತ್ತದೆ. ಕೆಳಗಿನ ಕಡತವನ್ನು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ. 'ಇದು ಇಲ್ಲವೆಂದು ತಿಳಿಯತಕ್ಕದ್ದು' ಎಂಬ ಒಂದು ಗುರುತು ಮೇಲಿನ ಪದರದಲ್ಲಿ ಬೀಳುತ್ತದೆ. ಮೇಲಿನ ಪದರ ರ್‍ಯಾಮಿನಲ್ಲಿದ್ದರೆ ಯಂತ್ರ ನಿಂತಾಗ ಎಲ್ಲವೂ ಹೋಗುತ್ತದೆ. ಅದನ್ನು ಸ್ಥಿರವಾದ ಮಾಧ್ಯಮದಲ್ಲಿಟ್ಟರೆ ಎಲ್ಲವೂ ಉಳಿಯುತ್ತದೆ. ಉಳಿಯುವುದಕ್ಕೂ ಅಳಿಯುವುದಕ್ಕೂ ನಡುವಣ ವ್ಯತ್ಯಾಸ ಮೇಲಿನ ಪದರದ ವಾಸಸ್ಥಾನವೊಂದಕ್ಕೆ ಇಳಿಯಿತು.

ಯೂನಿಯನ್ ಎಫ್.ಎಸ್. ಬಹುಕಾಲ ನಿಲ್ಲಲಿಲ್ಲ. ಜಪಾನಿನ ಜುಂಜಿರೊ ಒಕಾಜಿಮಾ ಅವರ 'ಎಯುಎಫ್‌ಎಸ್' ಅದರ ಸ್ಥಾನಕ್ಕೆ ಬಂದಿತಾದರೂ ಲಿನಕ್ಸಿನ ಮೂಲ ಕರ್ನಲ್ಲಿನೊಳಗೆ ಅದಕ್ಕೆ ಪ್ರವೇಶ ದೊರೆಯಲಿಲ್ಲ. ಕೊನೆಗೆ ಮಿಕ್ಲೋಸ್ ಸೆರೆಡಿ ಅವರ 'ಓವರ್‌ಲೇ ಎಫ್.ಎಸ್.' ೨೦೧೪ರ ಡಿಸೆಂಬರಿನಲ್ಲಿ ಪ್ರಕಟವಾದ ೩.೧೮ನೆಯ ಆವೃತ್ತಿಯಲ್ಲಿ ಒಳಸೇರಿತು. ೨೦೧೩ರಲ್ಲಿ ಹೊರಬಂದ ಡಾಕರ್ ಮೊದಲು ಎಯುಎಫ್‌ಎಸ್ಸನ್ನೂ ಅನಂತರ ಓವರ್‌ಲೇಯನ್ನೂ ಆಶ್ರಯಿಸಿತು. ಒಂದು ಸಿ.ಡಿ.ಯ ಮರೆವನ್ನು ನೀಗಲು ಬಳಕೆಗೆ ಬಂದ ಪದರಗಳ ತತ್ತ್ವವು ದೊಡ್ಡ ದೊಡ್ಡ ಗಣಕಾಲಯಗಳ ತಳಹದಿಯಲ್ಲಿ ಈಗ ಕೆಲಸ ಮಾಡುತ್ತಿದೆ.

೫

ಪದರವು ಸಿದ್ಧವಾದ ಮೇಲೆ ಅದಕ್ಕೊಂದು ಪಾತ್ರೆ ಬೇಕಾಯಿತು. ಈ ವಿಷಯದಲ್ಲಿ ಆಸ್ಟ್ರೇಲಿಯದ ಬ್ಯಾರಿ ಕಾಲರ್ ಅವರು ೨೦೦೩ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್ ಅತ್ಯಂತ ಕುತೂಹಲಕರವಾದುದು. ಅದು ತನ್ನನ್ನು ಸಂಪೂರ್ಣವಾಗಿ ರ್‍ಯಾಮಿಗೆ ಏರಿಸಿಕೊಂಡು, ಯಂತ್ರವನ್ನು ನಿಲ್ಲಿಸುವಾಗ ಬಳಕೆದಾರನ ಕಡತಗಳನ್ನೂ ಏರ್ಪಾಡುಗಳನ್ನೂ ಒಂದು 'ಉಳಿಕೆಯ ಕಡತ'ದಲ್ಲಿ ಇಡುತ್ತದೆ. ಇದಲ್ಲದೆ, ಬರೆಯಬಹುದಾದ ಸಿ.ಡಿ. ಅಥವಾ ಡಿ.ವಿ.ಡಿ.ಯಲ್ಲಿ ಖಾಲಿ ಉಳಿದ ಜಾಗದಲ್ಲಿಯೇ ಪ್ರತಿಸಲದ ಬದಲಾವಣೆಗಳನ್ನು ಹೊಸ ಅಧಿವೇಶನವಾಗಿ ಸುಡುವ ಮಾರ್ಗವನ್ನೂ ಅದು ತೆರೆಯಿತು. ಪ್ರತಿಯೊಂದು ಅಧಿವೇಶನಕ್ಕೂ ದಿನಾಂಕ ಸಮಯಗಳನ್ನೇ ಹೆಸರಾಗುಳ್ಳ ಕೋಶ. ಮುಂದಿನ ಬಾರಿ ಎಲ್ಲಕ್ಕಿಂತ ಹೊಸದಾದ ಪ್ರತಿಯೇ ಪ್ರಮಾಣ. ಹಳೆಯದು ಮಾತ್ರ ತಟ್ಟೆಯಲ್ಲಿ ಹಾಗೆಯೇ ಉಳಿದಿರುತ್ತದೆ. ಉತ್ಖನನದ ಸ್ತರಗಳಂತೆ ಒಂದರ ಮೇಲೊಂದಾಗಿ ಕಾಲಕ್ರಮವನ್ನು ಹೊತ್ತ ಇಂಥ ತಟ್ಟೆ, ನಾವು ಇಲ್ಲಿ ಪರಿಶೀಲಿಸಿದ ಸಾಧನಗಳಲ್ಲಿ ಇದೊಂದೇ. ಉಳಿದುವೆಲ್ಲ ಕೊನೆಯ ಸ್ಥಿತಿಯನ್ನು ಮಾತ್ರ ಉಳಿಸುತ್ತವೆ. ಇದು ಬದಲಾವಣೆಯ ಚರಿತ್ರೆಯನ್ನು ಉಳಿಸುತ್ತದೆ.

ಉಬುಂಟು ವಿತರಣೆ ೨೦೦೪ರ ಅಕ್ಟೋಬರಿನಲ್ಲಿ ಹುಟ್ಟಿತು. ಅದರ ಪೋಷಕ ಸಂಸ್ಥೆಯಾದ ಕೆನಾನಿಕಲ್ ೨೦೧೧ರವರೆಗೆ ಕೇಳಿದವರಿಗೆ ಸಿ.ಡಿ.ಗಳನ್ನು ಉಚಿತವಾಗಿ ಅಂಚೆಯಲ್ಲಿ ಕಳುಹಿಸುತ್ತಿತ್ತು. ಭಾರತದಿಂದಲೂ ಅವನ್ನು ತರಿಸಿಕೊಳ್ಳಬಹುದಾಗಿತ್ತು. ಯು.ಎಸ್.ಬಿ. ಕಡ್ಡಿ ಅಗ್ಗವಾದಂತೆ ಸಿ.ಡಿ.ಯ ಅಗತ್ಯ ಕುಗ್ಗಿತು. ೨೦೧೨ರ ಅಕ್ಟೋಬರಿನ ಉಬುಂಟು ಆವೃತ್ತಿ ಸಿ.ಡಿ.ಯೊಂದರಲ್ಲಿ ಹಿಡಿಸದಷ್ಟು ಬೆಳೆದಿತ್ತು. ವಸ್ತು ಮರೆಯಾಗುತ್ತ ಬಂದರೂ ಲೈವ್ ಸಿ.ಡಿ. ಎಂಬ ಹೆಸರು ಬಹುಕಾಲ ಉಳಿಯಿತು.

ಕಡ್ಡಿಯ ಮೇಲೆ ಬರೆಯಬಹುದಾದುದರಿಂದ ಸಮಸ್ಯೆ ಪೂರ್ತಿ ಪರಿಹಾರವಾಯಿತೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಉಬುಂಟು 'ಕ್ಯಾಸ್ಪರ್-ಆರ್‌ಡಬ್ಲ್ಯು' ಎಂಬ ಹೆಸರಿನ ಕಡತವನ್ನೋ ವಿಭಾಗವನ್ನೋ ಮೇಲಿನ ಪದರವಾಗಿ ಬಳಸುತ್ತಿತ್ತು. ಚಾಲನೆಯ ಸಾಲಿನಲ್ಲಿ 'ಪರ್ಸಿಸ್ಟೆಂಟ್' ಎಂಬ ಪದ ಬಿಟ್ಟುಹೋದರೆ ಪದರವಿದ್ದರೂ ವ್ಯವಸ್ಥೆ ಅದನ್ನು ಕಾಣದೆ ಮುಂದುವರಿಯುತ್ತಿತ್ತು. ಕಡ್ಡಿಗಳಲ್ಲಿ ರೂಢಿಯಲ್ಲಿದ್ದ ಫ್ಯಾಟ್-೩೨ ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಕಡತ ೪ ಗಿಗಾಬೈಟನ್ನು ಮುಟ್ಟಲಾರದು; ಆದುದರಿಂದ ಉಳಿಕೆಯ ಕಡತಕ್ಕೂ ಅದೇ ಎಲ್ಲೆ. ೨೦೦೮ರ ಮೇ ತಿಂಗಳಿನ ಫೆಡೋರಾ ೯ ಬೇರೊಂದು ಕ್ರಮವನ್ನು ತಂದಿತು. ಅದು ಕಡತಗಳ ಮಟ್ಟದಲ್ಲಲ್ಲ, ಅವುಗಳ ಕೆಳಗಿನ ಖಂಡಗಳ ಮಟ್ಟದಲ್ಲಿ ಬದಲಾವಣೆಯನ್ನು ದಾಖಲಿಸಿತು. ಅಲ್ಲಿ ಕಡತವನ್ನು ಅಳಿಸಿದರೂ ವ್ಯಯವಾದ ಜಾಗ ಹಿಂದಕ್ಕೆ ಬರುವುದಿಲ್ಲ. ಬರೆದಷ್ಟೂ ಪದರ ಸವೆಯುತ್ತ ಹೋಗಿ, ತುಂಬಿದ ದಿನ ಚಾಲನೆಗೇ ಸಂಚಕಾರ. ಡೆಬಿಯನ್ ಯಾವ ಕೋಶಗಳನ್ನು ಉಳಿಸಬೇಕೆಂಬುದನ್ನು ಒಂದು ಸಣ್ಣ ಕಡತದಲ್ಲಿ ಹೇಳುವ ಅವಕಾಶವನ್ನಿತ್ತು, ಮೊದಲ ಘಟ್ಟದ ಪಟ್ಟಿಯನ್ನೂ ಎರಡನೆಯ ಘಟ್ಟದ ಪದರವನ್ನೂ ಕೂಡಿಸಿತು.

ಇನ್ನೊಂದು ಎಲ್ಲೆಯೂ ಉಂಟು. ಮೇಲಿನ ಪದರ ಸೇರಿಕೊಳ್ಳುವ ಮುನ್ನವೇ ಕೆಳಗಿನ ಕರ್ನಲ್ ಚಾಲನೆಗೊಂಡಿರುತ್ತದೆ. ಆದುದರಿಂದ ಹೊಸ ಕರ್ನಲ್ಲನ್ನು ಸೇರಿಸಿ ಉಳಿಸಿದರೂ ಸಾಮಾನ್ಯವಾಗಿ ಅದು ಕೆಲಸಕ್ಕೆ ಬರುವುದಿಲ್ಲ. ಪದರದ ಮೂಲಕ ಶಾಸನದ ಪಾಠವನ್ನು ಬೇರೆಯಾಗಿ ಓದಿಸಬಹುದೇ ಹೊರತು ಕಲ್ಲನ್ನು ಬದಲಿಸಲಾಗದು.

೬

ಮೂರನೆಯ ಪ್ರಶ್ನೆ, ಉಳಿಸಿದ್ದು ಯಾರ ಕಣ್ಣಿಗೆ ಬೀಳಬೇಕು ಎಂಬುದು, ಸ್ಪಷ್ಟವಾಗಿ ಎದ್ದುಬಂದದ್ದು ಟೇಲ್ಸ್ ಎಂಬ ವಿತರಣೆಯಲ್ಲಿ. ೨೦೦೯ರಲ್ಲಿ 'ಅಮ್ನೀಸಿಯ', ಎಂದರೆ ವಿಸ್ಮೃತಿ, ಎಂಬ ಹೆಸರಿನಿಂದ ಆರಂಭವಾದ ಯೋಜನೆಯೇ ಮುಂದೆ ಟೇಲ್ಸ್ ಎನಿಸಿತು. ಎಲ್ಲರೂ ಕೊರತೆಯೆಂದು ಭಾವಿಸಿದ ಮರೆವನ್ನು ಅದು ತನ್ನ ಹೆಸರಿನಲ್ಲಿಯೇ ಧರಿಸಿತು. ಪತ್ರಕರ್ತರು, ಕಿರುಕುಳಕ್ಕೆ ಒಳಗಾದವರು, ಕಣ್ಗಾವಲಿನ ಭಯವುಳ್ಳವರು ಮುಂತಾದವರಿಗೆ ಯಂತ್ರದಲ್ಲಿ ಏನೂ ಉಳಿಯದಿರುವುದೇ ರಕ್ಷೆ. ಎಡ್ವರ್ಡ್ ಸ್ನೋಡನ್ ೨೦೧೩ರಲ್ಲಿ ಹೊರಗೆಡಹಿದ ದಾಖಲೆಗಳ ಮೇಲೆ ಕೆಲಸ ಮಾಡಿದ ಪತ್ರಕರ್ತರು ಟೇಲ್ಸನ್ನು ಬಳಸಿದುದಾಗಿ ಮರುವರ್ಷ ಬಹಿರಂಗವಾಗಿ ತಿಳಿಸಿದರು.

ಆದರೂ ಸಂಪೂರ್ಣ ವಿಸ್ಮೃತಿಯಿಂದ ಕೆಲಸ ಸಾಗದು. ಬರೆಯುವವನಿಗೆ ಟಿಪ್ಪಣಿ ಬೇಕು, ಗುಪ್ತಪತ್ರ ವ್ಯವಹರಿಸುವವನಿಗೆ ಕೀಲಿ ಬೇಕು. ೨೦೧೨ರ ಏಪ್ರಿಲಿನ ೦.೧೧ ಆವೃತ್ತಿಯಲ್ಲಿ ಟೇಲ್ಸ್ ಒಂದು ಶಾಶ್ವತ ಭಾಗವನ್ನು ಒದಗಿಸಿತು. ಅದು ಗೂಢಲಿಪಿಯಲ್ಲಿರುತ್ತದೆ, ಪ್ರತಿಬಾರಿಯೂ ಗುಪ್ತವಾಕ್ಯವನ್ನು ಕೊಟ್ಟರೆ ಮಾತ್ರ ತೆರೆಯುತ್ತದೆ, ಏನೇನು ಉಳಿಯಬೇಕೆಂಬುದನ್ನು ಬಳಕೆದಾರನು ವಿಷಯವಾರು ಆರಿಸಿಕೊಳ್ಳುತ್ತಾನೆ, ಆರಿಸದುದು ಹಿಂದಿನಂತೆಯೇ ಅಳಿಯುತ್ತದೆ. ಮೊದಲ ಘಟ್ಟದ ಕ್ನಾಪಿಕ್ಸಿನಲ್ಲಿ ಸ್ಥಳದ ಅಭಾವದಿಂದ ಮಾಡಬೇಕಾಗಿದ್ದ ಆಯ್ಕೆಯನ್ನು ಇಲ್ಲಿ ವಿವೇಚನೆಯಿಂದ ಮಾಡಲಾಗುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಈ ಯೋಜನೆ ಟಾರ್ ಯೋಜನೆಯೊಡನೆ ವಿಲೀನವಾಯಿತು.

೭

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟಪಡುತ್ತವೆ.

ಮೊದಲನೆಯದಾಗಿ, ಲೈವ್ ಸಿ.ಡಿ.ಯ ಮರೆವು ದೋಷವೂ ಹೌದು, ಗುಣವೂ ಹೌದು. ಅದನ್ನು ನೀಗಲು ಹೊರಟ ಯಾವ ಯಶಸ್ವಿ ಉಪಾಯವೂ ಮೂಲವನ್ನು ಬದಲಿಸಲು ಹೋಗಲಿಲ್ಲ. ಸ್ಥಿರವನ್ನು ಸ್ಥಿರವಾಗಿಯೇ ಇಟ್ಟು ಚರವನ್ನು ಬೇರೆಯಾಗಿ ಇರಿಸಿತು. ಯಂತ್ರ ಕೆಟ್ಟರೂ, ಪದರ ಹಾಳಾದರೂ, ಮೂಲದಿಂದ ಮತ್ತೆ ಆರಂಭಿಸಲು ಸಾಧ್ಯವಾಗಿರುವುದು ಈ ವಿಭಜನೆಯಿಂದ.

ಎರಡನೆಯದಾಗಿ, ಉಳಿಯುವಿಕೆ ಬೇರೆ, ಸುರಕ್ಷಿತವಾಗಿರುವಿಕೆ ಬೇರೆ. ಸಿ.ಡಿ.ಯ ಮೂಲಪದರದ ಪ್ರತಿಗಳು ಲೋಕದಲ್ಲಿ ಸಾವಿರಾರು. ಬಳಕೆದಾರನ ಮೇಲ್ಪದರಕ್ಕೆ ಅವನ ಕಿಸೆಯ ಕಡ್ಡಿಯೊಂದೇ ಆಶ್ರಯ. ಬರೆಯುತ್ತಿರುವಾಗಲೇ ಕಡ್ಡಿಯನ್ನು ಕಿತ್ತರೆ ಪದರ ಕೆಡಬಹುದು; ಮತ್ತೆ ಮತ್ತೆ ಬರೆಯುವುದಕ್ಕೆ ಕಡ್ಡಿಯ ಆಯುಸ್ಸಿಗೂ ಮಿತಿಯುಂಟು. ಗುಪ್ತವಾಕ್ಯ ಮರೆತರೆ ಗೂಢಲಿಪಿಯ ಪದರವು ಒಡೆಯನಿಗೇ ಪರಕೀಯ. ಪ್ರೌಢಪ್ರಬಂಧವನ್ನು ಲೈವ್ ವ್ಯವಸ್ಥೆಯಲ್ಲಿ ಬರೆಯುವ ವಿದ್ಯಾರ್ಥಿಯು 'ಪರ್ಸಿಸ್ಟೆಂಟ್' ಎಂಬ ಮಾತನ್ನು ನಂಬಿ ನಿಶ್ಚಿಂತನಾಗಿರಬಾರದು. ಎರಡನೆಯ ಪ್ರತಿಯೊಂದನ್ನು ಬೇರೆಡೆಯಲ್ಲಿ ಇಡಲೇಬೇಕು.

ಮೂರನೆಯದು ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದ್ದು. ಕ್ನಾಪಿಕ್ಸಿನ ಆಸುಪಾಸಿನ ಕಾಲದಲ್ಲಿ ಡೆಮೋಲಿನಕ್ಸ್ ಎಂಬ ಲೈವ್ ಸಿ.ಡಿ.ಯನ್ನು ರೂಪಿಸಿದವರಲ್ಲಿ ಒಬ್ಬರಾದ ರೊಬೆರ್ತೊ ದಿ ಕೊಸ್ಮೊ ಅವರು ಮುಂದೆ, ಲೋಕದ ತಂತ್ರಾಂಶಗಳ ಮೂಲಪಾಠಗಳನ್ನು ಕಾಪಾಡುವ 'ಸಾಫ್ಟ್‌ವೇರ್ ಹೆರಿಟೇಜ್' ಎಂಬ ಸಂಗ್ರಹವನ್ನು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಆಶ್ರಯದಲ್ಲಿ ಸ್ಥಾಪಿಸಿದರು. ೨೦೧೬ರಲ್ಲಿ ಅದು ಸಾರ್ವಜನಿಕರಿಗೆ ಪ್ರಕಟವಾಯಿತು. ಇಂಥ ಪ್ರಯತ್ನಗಳಿಂದ ಮೂಲಪದರ ಉಳಿಯುತ್ತದೆ; ಅದು ಸಂತೋಷದ ಸಂಗತಿ. ಆದರೆ ಒಬ್ಬ ಅಧ್ಯಾಪಕನು ತನ್ನ ತರಗತಿಗೆಂದು ಆ ವ್ಯವಸ್ಥೆಯನ್ನು ಹೇಗೆ ಹೊಂದಿಸಿಕೊಂಡ, ಒಬ್ಬ ವಿದ್ಯಾರ್ಥಿನಿ ಯಾವ ಅಕ್ಷರವಿನ್ಯಾಸದಲ್ಲಿ ಯಾವ ಟಿಪ್ಪಣಿ ಬರೆದಳು ಎಂಬುದೆಲ್ಲ ಇದ್ದದ್ದು ಮೇಲಿನ ಪದರದಲ್ಲಿ. ಮುಂದಿನ ಚರಿತ್ರಕಾರನಿಗೆ ೨೦೦೫ರ ಕ್ನಾಪಿಕ್ಸ್ ಹೇಗಿತ್ತೆಂಬುದು ತಿಳಿಯುವುದು ಸುಲಭ. ಅದನ್ನು ಬಳಸಿದವರು ಹೇಗಿದ್ದರೆಂಬುದು ತಿಳಿಯುವುದು ಕಷ್ಟ. ಶಾಸನಗಳನ್ನು ಆಶ್ರಯಿಸಿ ರಾಜರ ಚರಿತ್ರೆಯನ್ನು ವಿಪುಲವಾಗಿ ಬರೆದು, ಕಡತಗಳ ಅಭಾವದಿಂದ ಪ್ರಜೆಗಳ ಚರಿತ್ರೆಗೆ ತಡಕಾಡಿದ ಅನುಭವ ನಮ್ಮ ಶಾಸ್ತ್ರಕ್ಕೆ ಈಗಾಗಲೇ ಇದೆ. ಹಳೆಯ ಕಡ್ಡಿಗಳನ್ನೂ ಪಪ್ಪಿಯ ಅಧಿವೇಶನ ತಟ್ಟೆಗಳನ್ನೂ, ಅವುಗಳ ಒಡೆಯರ ಒಪ್ಪಿಗೆಯನ್ನು ಪಡೆದು, ಗುಟ್ಟಾಗಿರಬೇಕಾದುದನ್ನು ಗುಟ್ಟಾಗಿಯೇ ಬಿಟ್ಟು, ಕಾಲೇಜಿನ ಗ್ರಂಥಭಂಡಾರಗಳು ಸಂಗ್ರಹಿಸಲು ತೊಡಗುವುದು ಉಚಿತವೆಂದು ನಾವು ಸೂಚಿಸುತ್ತೇವೆ.